ಶಿಫಾರಸಿನ ಮೇಲೆ ಬಂದ ಫುಟ್‌ಬಾಲ್ ಚರಿತ್ರೆ

ವಾಚನಾಲಯದಲ್ಲಿ ಕೆಲಸ ಮಾಡುವವನಿಗೆ ಓದುವವರಿಂದ ಯಾವ ತೊಂದರೆಯೂ ಇಲ್ಲ. ಅವರು ಬರುತ್ತಾರೆ, ಓದುತ್ತಾರೆ, ಎದ್ದು ಹೋಗುತ್ತಾರೆ. ಫಜೀತಿಯೆಲ್ಲ ಬರುವುದು ಪುಸ್ತಕ ಓದದೆ ಅದರ ಮೇಲೆ ಅಭಿಪ್ರಾಯ ಇಟ್ಟುಕೊಂಡವರಿಂದ. ಅಂಥವರು ವಾರಕ್ಕೊಬ್ಬರಾದರೂ ಸಿಕ್ಕೇ ಸಿಗುತ್ತಾರೆ.

ನಾನು ಶಿರಸಿಯ ಒಂದು ವಾಚನಾಲಯದಲ್ಲಿ ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಧೂಳು ಹೊಡೆಯುವುದು ಈ ಮೂರೂ ಹುದ್ದೆಗಳನ್ನು ಒಬ್ಬನೇ ನೋಡಿಕೊಳ್ಳುತ್ತಿದ್ದೆ. ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಆಗ ನಮ್ಮ ಕಪಾಟಿಗೆ ಬಂದ ಒಂದು ಫುಟ್‌ಬಾಲ್ ಪುಸ್ತಕ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಊರಿನಲ್ಲಿ ಓಡಾಡಿತು. ಅದು ಹೋದಲ್ಲೆಲ್ಲ ಆದದ್ದನ್ನು ಇಲ್ಲಿ ಬರೆದಿದ್ದೇನೆ.

೧. ಕಾಲಿಗೆ ಸಂಬಂಧಪಟ್ಟದ್ದು

ನಮ್ಮೂರಿನಲ್ಲಿ ಒಂದು ಫುಟ್‌ಬಾಲ್ ಕ್ಲಬ್ಬಿತ್ತು. ಅದು ಹುಟ್ಟಿದಂದಿನಿಂದ ಅದರ ಅಧ್ಯಕ್ಷರು ಒಬ್ಬರೇ, ಈಗ ನಿವೃತ್ತರಾದ ಫಾರೆಸ್ಟ್ ರೇಂಜರು. ಬ್ರಿಟಿಷರ ಕಾಲದಲ್ಲಿ ಯಾವುದೋ ಸಾಹೇಬನ ಜೊತೆ ಚೆಂಡು ಒದ್ದವರು. ನೌಕರಿ ಬಿಟ್ಟರೂ ಖಾಕಿ ಚಡ್ಡಿ ಬಿಟ್ಟಿರಲಿಲ್ಲ. ಕ್ಲಬ್ಬಿಗೆ ಇಪ್ಪತ್ತೈದು ವರ್ಷ ತುಂಬುತ್ತ ಬಂದಿತ್ತು. ಅದರ ಚರಿತ್ರೆ ಬರೆಸಿ ಅಚ್ಚು ಹಾಕಿಸಬೇಕು ಎಂಬುದು ಅವರ ಹಂಬಲ. ಯಲ್ಲಾಪುರದ ಕ್ಲಬ್ಬಿನವರು ಜಿಲ್ಲೆಗೆಲ್ಲ ತಾವೇ ಹಳಬರು ಎಂದು ಹೇಳಿಕೊಂಡು ತಿರುಗುತ್ತಿದ್ದರು. ಅದು ರೇಂಜರಿಗೆ ನಿದ್ದೆ ಕೆಡಿಸಿತ್ತು.

ಇಂಗ್ಲಿಷ್ ಪತ್ರಿಕೆಯೊಂದರ ಭಾನುವಾರದ ಪುಟದಲ್ಲಿ ಫುಟ್‌ಬಾಲ್ ಕ್ಲಬ್ಬುಗಳ ಚರಿತ್ರೆಯ ಬಗ್ಗೆ ಓದಲೇಬೇಕಾದ ಪುಸ್ತಕಗಳ ಪಟ್ಟಿ ಬಂದಿತ್ತು. ರೇಂಜರು ಅದನ್ನು ಕತ್ತರಿಸಿ ತಂದು ನಮ್ಮ ಶಿಫಾರಸು ಪುಸ್ತಕದಲ್ಲಿ ಅಂಟಿಸಿದರು. ಇಬ್ಬರು ಸದಸ್ಯರು ಸಹಿ ಹಾಕಿದರೆ ಕಮಿಟಿ ಆ ಪುಸ್ತಕ ತರಿಸುವ ವಿಚಾರ ಮಾಡಬೇಕು ಎಂಬುದು ನಮ್ಮ ನಿಯಮ. ರೇಂಜರು ಒಂದು ಸಹಿ ಹಾಕಿದರು. ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ ಶಾಲಾ ಮಾಸ್ತರರ ಕೈ ಹಿಡಿದು ಇನ್ನೊಂದು ಹಾಕಿಸಿದರು.

ಕಮಿಟಿಯಲ್ಲಿ ವಾನಳ್ಳಿ ಕಡೆಯ ಒಬ್ಬ ಭಟ್ಟರಿದ್ದರು. ಸಂಸ್ಕೃತ ಓದಿಕೊಂಡವರು, ತೋಟಸ್ಥರು, ಮಾತಿಗೆ ಮುಂದು. ಅವರು ಪಟ್ಟಿ ನೋಡಿ, "ಒದ್ರೆ ಹೋಗ್ತು, ಬಿಟ್ರೆ ನಿಲ್ತು. ಇದ್ಕೆ ಎಂತಾ ಚರಿತ್ರೆ?" ಎಂದು ಕೇಳಿದರು.

ರಾಜಮಹಾರಾಜರ ಚರಿತ್ರೆಯೂ ಅಷ್ಟೇ ಅಲ್ಲವೇ ಎಂದರು ರೇಂಜರು. ಭಟ್ಟರು ಪಟ್ಟಿಯನ್ನು ಪಕ್ಕದವರಿಗೆ ದಾಟಿಸಿದರು. ಆದರೆ ಕಮಿಟಿಯ ವಕೀಲರು ಬೇರೆ ತಕರಾರು ತೆಗೆದರು. ಕನ್ನಡನಾಡು ಒಂದಾಗಿ ವರ್ಷ ಕಳೆದಿಲ್ಲ, ಬರೀ ಇಂಗ್ಲಿಷ್ ಪುಸ್ತಕ ತರಿಸಿದರೆ ನಾಳೆ ಜನಕ್ಕೆ ಯಾವ ಮುಖ ತೋರಿಸುವುದು ಎಂದರು. ಕೊನೆಗೆ ಇಂಗ್ಲಿಷಿನದು ಒಂದು, ಅದೇ ವಿಷಯದ ಮೇಲೆ ಕನ್ನಡದ್ದು ಒಂದು ತರಿಸುವುದೆಂದು ಠರಾವು ಪಾಸಾಯಿತು.

ಇಂಗ್ಲಿಷಿನದಕ್ಕೆ ಮುಂಬಯಿಗೆ ಬರೆದೆ. ಕನ್ನಡದ್ದಕ್ಕೆ ಹುಬ್ಬಳ್ಳಿಯ ಒಂದು ಅಂಗಡಿಗೆ ಬರೆದೆ. ಹುಬ್ಬಳ್ಳಿಯವರು ಬಹಳ ವಿನಯದಿಂದ ಉತ್ತರ ಕೊಟ್ಟರು. ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆಯನ್ನು ಕನ್ನಡದಲ್ಲಿ ಇನ್ನೂ ಯಾರೂ ಬರೆದಿಲ್ಲ, ಆದರೂ ತಮ್ಮನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಿಲ್ಲದೆ ವಿಷಯಕ್ಕೆ ಅತಿ ಹತ್ತಿರವಾದ ಪುಸ್ತಕ ಕಳಿಸಿದ್ದೇವೆ ಎಂದಿತ್ತು. ಕಟ್ಟು ಬಿಚ್ಚಿದೆ. ಕಾಲಿನ ಆಣಿ, ಹಿಮ್ಮಡಿ ಬಿರುಕು, ಕಾಲುಳುಕು ಇವಕ್ಕೆ ಮನೆಮದ್ದು ಹೇಳುವ ಪುಸ್ತಕ.

ವಾಪಸು ಕಳಿಸೋಣ ಎಂದು ಮತ್ತೆ ಕಟ್ಟು ಕಟ್ಟುತ್ತಿದ್ದಾಗ ಕ್ಲಬ್ಬಿನ ಒಬ್ಬ ಆಟಗಾರ ಬಂದು ನೋಡಿದ, ಒಯ್ದ. ಅವನಿಂದ ಇನ್ನೊಬ್ಬ ಒಯ್ದ. ನಮ್ಮ ವಾಚನಾಲಯದಲ್ಲಿ ಹನ್ನೊಂದೂ ಆಟಗಾರರು ಕೊನೆಯ ಪುಟದವರೆಗೆ ಓದಿದ ಪುಸ್ತಕ ಅದೊಂದೇ.

೨. ಎಲೆ ಇಲ್ಲದ ಫೋಟೋ

ತಿಂಗಳ ಮೇಲೆ ಮುಂಬಯಿಯ ಪಾರ್ಸೆಲ್ಲು ಬಂತು. ಪಟ್ಟಿಯಲ್ಲಿದ್ದ ಏಳರಲ್ಲಿ ಸಿಕ್ಕಿದ್ದು ಒಂದೇ. ಇಂಗ್ಲೆಂಡಿನ ಗಿರಣಿ ಕೆಲಸಗಾರರು ಹಿಂದಿನ ಶತಮಾನದಲ್ಲಿ ಕಟ್ಟಿದ ಒಂದು ಕ್ಲಬ್ಬಿನ ಚರಿತ್ರೆ. ಕೆಂಪು ಬಟ್ಟೆಯ ರಟ್ಟು, ಚಿನ್ನದ ಬಣ್ಣದ ಅಕ್ಷರ, ದಪ್ಪ ಎಂದರೆ ತಲೆಗೆ ಇಟ್ಟುಕೊಂಡು ಮಲಗುವಷ್ಟು. ಎಲ್ಲ ಪುಸ್ತಕಕ್ಕೂ ಬೆನ್ನಿನ ಮೇಲೆ ಕನ್ನಡದ ಚೀಟಿ ಹಚ್ಚುವುದು ನಮ್ಮ ಪದ್ಧತಿ. ಚೀಟಿ ಸಣ್ಣದು. 'ಕ್ಲಬ್ಬಿನ ಚರಿತ್ರೆ' ಎಂದು ಬರೆಯುವಷ್ಟರಲ್ಲಿ ಜಾಗ ಮುಗಿಯಿತು. ಫುಟ್‌ಬಾಲು ಹೊರಗೇ ಉಳಿಯಿತು.

ಆಗ ನಮ್ಮ ಕಡೆ ಕ್ಲಬ್ಬು ಎಂದರೆ ಒಂದೇ ಅರ್ಥ: ಇಸ್ಪೀಟು. ಅದು ನನ್ನ ತಲೆಗೆ ಬರಲಿಲ್ಲ.

ಪುಸ್ತಕವನ್ನು ಮೊದಲು ಮನೆಗೆ ಒಯ್ದವರು ಅಡಿಕೆ ಮಂಡಿಯ ಒಬ್ಬ ಗುಮಾಸ್ತರು. ಹರೆಯದಲ್ಲಿ ಫುಟ್‌ಬಾಲ್ ಆಡಿದವರು, ಆಮೇಲೆ ಇಸ್ಪೀಟಿಗೆ ಬಿದ್ದವರು, ಈಗ ಎರಡನ್ನೂ ಬಿಟ್ಟವರು. ಮೂರು ದಿನದ ಮೇಲೆ ಅವರ ಹೆಂಡತಿ ಪುಸ್ತಕವನ್ನು ಕೈಚೀಲದಲ್ಲಿ ಹಾಕಿಕೊಂಡು ವಾಚನಾಲಯಕ್ಕೆ ಬಂದರು. ಹೆಂಗಸರು ನಮ್ಮಲ್ಲಿಗೆ ಬರುವುದೇ ಅಪರೂಪ. ಪತ್ರಿಕೆ ಓದುತ್ತಿದ್ದವರೆಲ್ಲ ತಲೆ ಎತ್ತಿದರು. ಅವರು ಪುಸ್ತಕವನ್ನು ನನ್ನ ಮೇಜಿನ ಮೇಲೆ ಇಟ್ಟು ಮೆಲ್ಲಗೆ ಹೇಳಿದರು:

"ಕ್ಲಬ್ಬಿಗೆ ಹೋಪ್ದಿಲ್ಲೆ ಹೇಳಿ ದೇವರ ಮುಂದೆ ಆಣೆ ಮಾಡಿದ್ರು. ಈಗ ಕ್ಲಬ್ಬೇ ಮನೆಗೆ ಬಂತು."

ನನಗೆ ಪಾಪ ಎನ್ನಿಸಿತು. ಇದು ಆ ಕ್ಲಬ್ಬಲ್ಲ, ಚೆಂಡಾಟದ್ದು ಎಂದು ಬಿಡಿಸಿ ಹೇಳಿದೆ. ಅವರು ನಂಬಲಿಲ್ಲ. ಸಾಕ್ಷಿಗೆ ಪುಸ್ತಕ ತೆರೆದು ಒಂದು ಫೋಟೋ ತೋರಿಸಿದೆ. ಹನ್ನೊಂದು ಜನ ಮೀಸೆಯ ಗಂಡಸರು ಎರಡು ಸಾಲಿನಲ್ಲಿ ಕೈಕಟ್ಟಿ ಕೂತ ಚಿತ್ರ. ಆ ತಾಯಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಸಾವಕಾಶ ನೋಡಿದರು.

"ಇಷ್ಟ್ ಜನ ಕೂತಿದ್ದ, ಎದುರಿಗೆ ಒಂದು ಇಸ್ಪೀಟ್ ಎಲೆ ಇಲ್ಲೆ," ಎಂದರು. "ಫೋಟೋ ತೆಗೆವಾಗ ಬಚ್ಚಿಟ್ಟಿಕ್ಕು."

೩. ಇಂಗ್ಲೆಂಡಿನ ಕಷಾಯ

ಚರಿತ್ರೆ ಬರೆಯುವ ಭಾರ ಕಾರ್ಯದರ್ಶಿ ಮಾಸ್ತರರ ಮೇಲೆ ಬಿತ್ತು. ಮಾದರಿ ಬೇಕಲ್ಲ. ಅದಕ್ಕೆ ಭಾನುವಾರ ಮಧ್ಯಾಹ್ನ ನಮ್ಮ ವಾಚನಾಲಯದಲ್ಲೇ ಅವರು ಇಂಗ್ಲಿಷ್ ಪುಸ್ತಕವನ್ನು ಕನ್ನಡ ಮಾಡಿ ಓದುವುದು, ಆಟಗಾರರೂ ಕಮಿಟಿಯವರೂ ಕೂತು ಕೇಳುವುದು ಎಂದಾಯಿತು. ಮಾಸ್ತರರು ಒಳ್ಳೆಯವರು. ಅವರ ಹತ್ತಿರ ಒಂದು ಹಳೆಯ ನಿಘಂಟೂ ಇತ್ತು. ಅದರಲ್ಲಿ ಶಬ್ದಗಳು ಒಂಟೊಂಟಿಯಾಗಿದ್ದವು, ಜೋಡಿಯಾಗಿರಲಿಲ್ಲ. ಎಡವಟ್ಟಾದದ್ದು ಅಲ್ಲೇ.

ಆ ಕ್ಲಬ್ಬು ಹುಟ್ಟಿದ್ದು ಒಂದು 'ಪಬ್ಲಿಕ್ ಹೌಸಿ'ನಲ್ಲಿ ಎಂದು ಮೊದಲ ಅಧ್ಯಾಯದಲ್ಲಿತ್ತು. ಪಬ್ಲಿಕ್ ಎಂದರೆ ಸಾರ್ವಜನಿಕ, ಹೌಸ್ ಎಂದರೆ ಮನೆ. ಸಾರ್ವಜನಿಕರ ಮನೆ ಎಂದರೆ ಧರ್ಮಶಾಲೆಯೇ ಸೈ ಎಂದು ಮಾಸ್ತರರು ತೀರ್ಮಾನಿಸಿದರು. ಆಟ ಮುಗಿದ ಮೇಲೆ ಆಟಗಾರರು ಅಲ್ಲಿಗೆ ಹೋಗಿ 'ಬಿಟರ್' ಎಂಬುದನ್ನು ಕುಡಿಯುತ್ತಿದ್ದರು ಎಂದಿತ್ತು. ಬಿಟರ್ ಎಂದರೆ ಕಹಿ. ಕುಡಿಯುವ ಕಹಿ ಯಾವುದು? ಮಾಸ್ತರರು ಕಷಾಯ ಎಂದು ಓದಿದರು.

ಅದುವರೆಗೆ ಕಣ್ಣು ಮುಚ್ಚಿ ಕೂತಿದ್ದ ಭಟ್ಟರು ಕಣ್ಣು ಬಿಟ್ಟರು. ಇಂಗ್ಲಿಷರ ಬಗ್ಗೆ ಅವರಿಗೆ ಇದ್ದ ಅಭಿಪ್ರಾಯವೇ ಬದಲಾಯಿತು. ನೋಡಿ, ಅವರೂ ಧರ್ಮಶಾಲೆಯಲ್ಲಿ ಕೂತು ಶುಭಕಾರ್ಯ ಶುರು ಮಾಡುತ್ತಾರೆ, ಮೈ ಬೆವತ ಮೇಲೆ ಕಷಾಯ ಕುಡಿಯುತ್ತಾರೆ, ನಮ್ಮ ಹುಡುಗರು ಸೋಡಾ ಕುಡಿದು ಹಾಳಾಗುತ್ತಾರೆ ಎಂದು ಅಲ್ಲೇ ಒಂದು ಚಿಕ್ಕ ಭಾಷಣ ಮಾಡಿದರು. ಬರಿ ಮಾತಲ್ಲ. ಮುಂದಿನ ಮ್ಯಾಚಿನಿಂದ ಅವರ ಬಿಡಾರದಿಂದ ಒಂದು ದೊಡ್ಡ ತಪ್ಪಲೆ ತುಂಬ ಜೀರಿಗೆ ಕಷಾಯ ಮೈದಾನಕ್ಕೆ ಬರತೊಡಗಿತು. ಭಟ್ಟರೇ ನಿಂತು ಎಲ್ಲರಿಗೂ ಕುಡಿಸುತ್ತಿದ್ದರು. ಆಟಗಾರರು ಎದುರಿನ ತಂಡಕ್ಕಿಂತ ಹೆಚ್ಚು ಆ ತಪ್ಪಲೆಗೆ ಹೆದರುತ್ತಿದ್ದರು.

ನಾಲ್ಕನೆಯ ಭಾನುವಾರ ಓದು ಕೇಳಲು ಹೊಸಬರೊಬ್ಬರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಯುದ್ಧಕಾಲದಲ್ಲಿ ಪರದೇಶಕ್ಕೆ ಹೋಗಿ ಬಂದ ಹವಾಲ್ದಾರರು. ಅವತ್ತಿನ ಭಾಗದಲ್ಲಿ ಆ ಕ್ಲಬ್ಬು ಒಂದು ದೊಡ್ಡ ಕಪ್ಪು ಗೆದ್ದಿತ್ತು. ಮಾಸ್ತರರು ಓದುತ್ತ ಹೋದರು: ಗೆದ್ದ ಸಂತೋಷಕ್ಕೆ ಆಟಗಾರರು ಧರ್ಮಶಾಲೆಯಲ್ಲಿ ಒಬ್ಬೊಬ್ಬರು ಎಂಟೆಂಟು ಲೋಟ ಕಷಾಯ ಕುಡಿದರು. ಆಮೇಲೆ ಹಾಡು ಹೇಳಿದರು. ಆಮೇಲೆ ಧರ್ಮಶಾಲೆಯ ಕಿಟಕಿ ಒಡೆದರು. ನಾಯಕನನ್ನು ಕೈಗಾಡಿಯಲ್ಲಿ ಹಾಕಿಕೊಂಡು ಪೊಲೀಸರು ಮನೆಗೆ ಮುಟ್ಟಿಸಿದರು.

ಭಟ್ಟರ ಹಣೆ ಗಂಟಾಯಿತು. ಅವರ ತಪ್ಪಲೆಯ ಕಷಾಯ ಕುಡಿದು ಇದುವರೆಗೆ ಯಾರೂ ಹಾಡು ಹೇಳಿರಲಿಲ್ಲ.

"ಮಾಸ್ತರೇ, ಆ ಕಷಾಯಕ್ಕೆ ಎಂತ ಹಾಕ್ತ ಹೇಳಿ ಬರದ್ದಿಲ್ಯ?" ಎಂದು ಕೇಳಿದರು.

ಮಾಸ್ತರರು ಪುಟ ಹಿಂದೆ ಮುಂದೆ ಮಾಡಿದರು. ಆಗ ಹವಾಲ್ದಾರರು ಎದ್ದು ನಿಂತು, ಮಿಲಿಟರಿ ಶಿಸ್ತಿನಿಂದ, ಆ ಧರ್ಮಶಾಲೆ ಎಂದರೆ ಹೆಂಡದಂಗಡಿ, ಆ ಕಷಾಯ ಎಂದರೆ ಬಾರ್ಲಿ ಹುಳಿ ಬರಿಸಿ ಮಾಡುವ ಬಿಯರು ಎಂಬುದನ್ನೂ, ತಾವು ಎಷ್ಟು ಲೋಟ ಕುಡಿದಿದ್ದರು ಎಂಬುದನ್ನೂ ವಿವರಿಸಿದರು. ಆಗ ನಮ್ಮಲ್ಲಿ ಪಾನನಿರೋಧ ಇದ್ದ ಕಾಲ. ಮಾಸ್ತರರು ಪುಸ್ತಕವನ್ನು ನಿಘಂಟಿನ ಕೆಳಗೆ ಇಟ್ಟರು. ನಾನು ಎದ್ದು ರಸ್ತೆ ಕಡೆಯ ಕಿಟಕಿ ಮುಚ್ಚಿದೆ. ಎಲ್ಲರೂ ಭಟ್ಟರ ಮುಖ ನೋಡುತ್ತ ಕೂತರು.

"ಹಾಂಗಾರೆ ಅವು ಗೆದ್ದಿದ್ದು ಸರಿ," ಎಂದರು ಭಟ್ಟರು. "ನಮ್ಮ ಕಷಾಯದಲ್ಲಿ ಬರೀ ಜೀರಿಗೆ ಇದ್ದು."

೪. ರೆಫರಿಯ ಓದು

ನಮ್ಮ ತಂಡದ ಗೋಲು ಕಾಯುವ ಗೋಲಿ ವೃತ್ತಿಯಲ್ಲಿ ದರ್ಜಿ. ಅವನಿಗೆ ಚರಿತ್ರೆಯ ಎರಡನೆಯ ಅಧ್ಯಾಯ ಬಹಳ ಹಿಡಿಸಿತು. ಹಿಂದಿನ ಕಾಲದಲ್ಲಿ ಗೋಲಿಯಾದವನು ಮೈದಾನದ ತನ್ನ ಅರ್ಧದಲ್ಲಿ ಎಲ್ಲಿ ಬೇಕಾದರೂ ಚೆಂಡನ್ನು ಕೈಯಿಂದ ಮುಟ್ಟಬಹುದಿತ್ತು ಎಂದು ಅಲ್ಲಿತ್ತು. ಇಷ್ಟು ವರ್ಷ ತನ್ನ ಹಕ್ಕನ್ನು ಯಾರೋ ಕಸಿದುಕೊಂಡಿದ್ದರು ಎಂದು ಅವನಿಗೆ ಖಾತ್ರಿಯಾಯಿತು.

ಯಲ್ಲಾಪುರದಲ್ಲಿ ಮ್ಯಾಚು ಇತ್ತು. ನಾನೂ ನೋಡಲು ಹೋಗಿದ್ದೆ. ದರ್ಜಿ ಪುಸ್ತಕವನ್ನು ತನ್ನ ಹೆಸರಿನಲ್ಲಿ ತೆಗೆದುಕೊಂಡು ಬಂದು ಗೋಲುಕಂಬದ ಬುಡದಲ್ಲಿ ಇಟ್ಟಿದ್ದ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಚೆಂಡನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನಡುಗೆರೆಯವರೆಗೆ ಓಡಿದ. ರೆಫರಿ ಸೀಟಿ ಊದಿದರು. ಅವರು ಅಲ್ಲಿಯ ಶಾಲೆಯ ಡ್ರಾಯಿಂಗ್ ಮಾಸ್ತರರು, ಶಾಂತ ಸ್ವಭಾವದವರು. ದರ್ಜಿ ಚೆಂಡು ಕೆಳಗಿಡಲಿಲ್ಲ. ಪುಸ್ತಕ ತರಿಸಿ ಪುಟ ತೆಗೆದು ತೋರಿಸಿದ.

ಯಲ್ಲಾಪುರದ ನಾಯಕ ಇಂಗ್ಲಿಷ್ ಬಲ್ಲವನು. ಅವನೂ ಬಗ್ಗಿ ಓದಿದ. ಪ್ರತಿ ಗೋಲು ಆದ ಮೇಲೂ ಎರಡು ತಂಡ ಕಡೆ ಬದಲಾಯಿಸಬೇಕು ಎಂದು ಅದೇ ಪುಟದ ಕೆಳಗಿತ್ತು. ಅವತ್ತು ಅವರ ಕಡೆಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಆಗಲೇ ಒಂದು ಗೋಲೂ ಆಗಿತ್ತು. ಹಾಗಾದರೆ ಈಗಲೇ ಕಡೆ ಬದಲಾಯಿಸಿ ಎಂದು ಅವನು ಪಟ್ಟು ಹಿಡಿದ. ಅವನು ಒಂದು ಕಡೆ, ದರ್ಜಿ ಒಂದು ಕಡೆ ಪುಸ್ತಕ ಹಿಡಿದು ಜಗ್ಗಾಡಿದರು. ಕೆಂಪು ರಟ್ಟು ಕಿತ್ತು ಅವನ ಕೈಗೆ ಹೋಯಿತು. ನಾನು ಗೆರೆ ದಾಟಿ ಮೈದಾನದೊಳಕ್ಕೆ ಓಡಿದೆ.

ರೆಫರಿ ಸಾವಧಾನವಾಗಿ ಇಬ್ಬರಿಂದಲೂ ಪುಸ್ತಕ ಇಸಿದುಕೊಂಡರು. ಕನ್ನಡಕ ಹಾಕಿಕೊಂಡು ಹಿಂದಿನ ಎರಡು ಪುಟ, ಮುಂದಿನ ಎರಡು ಪುಟ ಓದಿದರು. ಇಪ್ಪತ್ತೆರಡು ಜನ ತೀರ್ಪಿಗೆ ಕಾದು ನಿಂತರು. ಅವರು ಪುಸ್ತಕ ಮುಚ್ಚಿ, ರಟ್ಟನ್ನು ಮೇಲಿಟ್ಟು, ನನ್ನ ಕೈಗೆ ಕೊಟ್ಟರು.

"ಆ ಕಾಲದಲ್ಲಿ ರೆಫರಿ ಅಂತ ಇರಲೇ ಇಲ್ಲವಂತೆ," ಎಂದು ಹೇಳಿ, ಸೀಟಿಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋದರು.

೫. ಅಂಕಿ ಸರಿ ಇದೆ

ಕಿತ್ತ ರಟ್ಟನ್ನು ಕಟ್ಟಿಸಲು ಪುಸ್ತಕವನ್ನು ಸಿದ್ದಾಪುರಕ್ಕೆ ಕಳಿಸಿದೆ. ಅಲ್ಲಿ ಪಂಚಾಂಗ, ಪುರಾಣ ಎಲ್ಲ ಗಟ್ಟಿಯಾಗಿ ಬೈಂಡ್ ಮಾಡುವ ಒಬ್ಬ ಮುದುಕರಿದ್ದರು. ಹದಿನೈದು ದಿನಕ್ಕೆ ಪುಸ್ತಕ ಬಂತು. ಹೊಸ ರಟ್ಟು, ಹೊಸ ಹೊಲಿಗೆ. ನಾನು ಹೊರಗೆ ನೋಡಿ ಸಂತೋಷಪಟ್ಟು ಕಪಾಟಿನಲ್ಲಿಟ್ಟೆ.

ಮತ್ತಿಘಟ್ಟದ ಒಬ್ಬ ಹೆಗಡೇರು ಅದನ್ನು ಒಯ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಊರೆಲ್ಲ ಮಾತಾಡುವ ಪುಸ್ತಕ, ಚಿತ್ರವನ್ನಾದರೂ ನೋಡೋಣ ಎಂದು ಒಯ್ದದ್ದು. ಮಳೆಗಾಲ ಪೂರ್ತಿ ಇಟ್ಟುಕೊಂಡು, ದೀಪಾವಳಿಯ ಹೊತ್ತಿಗೆ ತಂದುಕೊಟ್ಟರು. ಶಿಫಾರಸು ಪುಸ್ತಕ ಎಲ್ಲಿ ಎಂದು ಕೇಳಿ ಹೀಗೆ ಬರೆದರು: "ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆಯು ಅತ್ಯಂತ ಉಪಯುಕ್ತ ಗ್ರಂಥ. ಇದರಲ್ಲಿ ಹೇಳಿದಂತೆ ಮಾಡಿದ್ದರಿಂದ ಈ ವರ್ಷ ನಮ್ಮ ತೋಟಕ್ಕೆ ಕೊಳೆರೋಗ ಬರಲಿಲ್ಲ. ಇನ್ನೂ ಎರಡು ಪ್ರತಿ ತರಿಸಬೇಕು."

ಹೆಗಡೇರು ತಮಾಷೆ ಮಾಡುವ ಜಾತಿಯವರಲ್ಲ. ಅವರು ಹೋದ ಮೇಲೆ ಪುಸ್ತಕ ಬಿಚ್ಚಿ ನೋಡಿದೆ. ಮೂವತ್ತೆರಡನೆಯ ಪುಟದವರೆಗೆ ಇಂಗ್ಲೆಂಡು. ಅಲ್ಲಿಂದ ಹದಿನಾರು ಪುಟ ಅಚ್ಚಗನ್ನಡದಲ್ಲಿ, ಅಡಿಕೆಗೆ ಮೈಲುತುತ್ತ ಮತ್ತು ಸುಣ್ಣದ ಔಷಧಿ ಹೊಡೆಯುವ ಕ್ರಮ. ನಲವತ್ತೊಂಬತ್ತರಿಂದ ಮತ್ತೆ ಇಂಗ್ಲೆಂಡು. ಬೈಂಡಿಂಗಿಗೆ ಬಂದಿದ್ದ ಬೇರೆ ಯಾವುದೋ ಪುಸ್ತಕದ ಹಾಳೆ ಇದರೊಳಗೆ ಸೇರಿತ್ತು. ನಮ್ಮ ಹದಿನಾರು ಪುಟ ಯಾವ ಕೃಷಿಕನ ಮನೆಯಲ್ಲಿ ಇದ್ದವೋ, ಅವನು ತೋಟಕ್ಕೆ ಏನು ಮಾಡಿಕೊಂಡನೋ ತಿಳಿಯಲಿಲ್ಲ.

ಸಿದ್ದಾಪುರಕ್ಕೆ ಬಸ್ಸು ಹತ್ತಿ ಹೋಗಿ ಮುದುಕರನ್ನು ಕೇಳಿದೆ. ಅವರು ಪುಸ್ತಕವನ್ನು ತಿರುವಿ ತಿರುವಿ ನೋಡಿ ನನ್ನ ಮೇಲೆಯೇ ಬೇಸರ ಮಾಡಿಕೊಂಡರು. ಮೂವತ್ತೆರಡರ ಮುಂದೆ ಮೂವತ್ತಮೂರು ಇದೆಯೋ ಇಲ್ಲವೋ, ನಲವತ್ತೆಂಟರ ಮುಂದೆ ನಲವತ್ತೊಂಬತ್ತು ಇದೆಯೋ ಇಲ್ಲವೋ ಎಂದು ಕೇಳಿದರು. ಇದೆ ಎಂದೆ.

"ಅಂಕಿ ನೋಡುವುದು ನನ್ನ ಕೆಲಸ," ಎಂದರು. "ಭಾಷೆ ನೋಡುವುದು ನಿಮ್ಮ ಕೆಲಸ."

೬. ನಮ್ಮದೇ ಚರಿತ್ರೆ

ಇಷ್ಟೆಲ್ಲ ಆಗಿ ಕೊನೆಗೂ ಮಾಸ್ತರರು ನಮ್ಮ ಕ್ಲಬ್ಬಿನ ಚರಿತ್ರೆ ಬರೆದು ಮುಗಿಸಿದರು. ನಲವತ್ತು ಪುಟ, ಹಸಿರು ರಟ್ಟು, ಒಳಗೆ ರೇಂಜರ ಚಿತ್ರ. ಬಿಡುಗಡೆಯ ಸಮಾರಂಭ ಶಾಲೆಯ ಸಭಾಗೃಹದಲ್ಲಿ ಇಟ್ಟಿದ್ದರು. ನಾನು ಪುಸ್ತಕದ ಕಟ್ಟುಗಳ ಹತ್ತಿರ ಕೂತಿದ್ದೆ. ಯಲ್ಲಾಪುರದವರಿಗೂ ಆಮಂತ್ರಣ ಹೋಗಿತ್ತು. ಅವರು ಒಂದು ಬಸ್ಸು ತುಂಬ ಬಂದು ಮುಂದಿನ ಸಾಲು ಹಿಡಿದರು.

ಮುಖ್ಯ ಅತಿಥಿ ಬನವಾಸಿ ಕಡೆಯ ಒಬ್ಬ ಹಿರಿಯ ಅಕ್ಕಿ ವ್ಯಾಪಾರಿ. ಇಪ್ಪತ್ತೈದು ವರ್ಷದ ಹಿಂದೆ ಶಿರಸಿಗೂ ಯಲ್ಲಾಪುರಕ್ಕೂ ನಡೆದ ಮೊದಲ ಮ್ಯಾಚಿಗೆ ಅವರೇ ರೆಫರಿಯಾಗಿದ್ದರಂತೆ. ಎರಡೂ ಊರಿಗೆ ಸೇರದವರು, ಹಾಗಾಗಿ ಯಾರಿಗೂ ಅಸಮಾಧಾನ ಆಗಲಿಕ್ಕಿಲ್ಲ ಎಂದು ರೇಂಜರೇ ಹುಡುಕಿ ಕರೆಸಿದ್ದರು.

ಮಾಸ್ತರರು ಮೊದಲ ಪುಟಗಳನ್ನು ಓದಿದರು. ಮೂರನೆಯ ಪುಟದಲ್ಲಿ ಆ ಮೊದಲ ಮ್ಯಾಚಿನ ವರ್ಣನೆ ಬಂತು. ಶಿರಸಿ ಗೆದ್ದಿತು ಎಂದು ಓದಿದ ಕೂಡಲೇ ಮುಂದಿನ ಸಾಲಿನಿಂದ ಯಲ್ಲಾಪುರದ ಹಳೆಯ ನಾಯಕರು ಎದ್ದರು. ಅವರೀಗ ಹಲ್ಲು ಉದುರಿದ ಮುದುಕರು. ಗೆದ್ದದ್ದು ನಾವು ಎಂದರು. ಅಲ್ಲದೆ, ನಿಮ್ಮ ಮೊದಲ ಮ್ಯಾಚು ನಮ್ಮ ಎದುರಿಗೇ ಆಗಿದ್ದರೆ ನಾವು ನಿಮಗಿಂತ ಮೊದಲೇ ಇದ್ದೆವು ಎಂದಾಯಿತಲ್ಲ ಎಂದೂ ಕೇಳಿದರು.

"ನೀವು ಇದ್ದಿರಿ," ಎಂದರು ರೇಂಜರು. "ಕ್ಲಬ್ಬು ಇರಲಿಲ್ಲ."

ಮಾತಿಗೆ ಮಾತು ಬೆಳೆಯಿತು. ಯಲ್ಲಾಪುರದವರು ಬಸ್ಸು ಹತ್ತುತ್ತೇವೆ ಎಂದರು. ರೇಂಜರು ಬೆತ್ತದಿಂದ ನೆಲ ಕುಟ್ಟಿದರು. ಆ ಗೆಲುವನ್ನು ಅವರು ಮಕ್ಕಳಿಗೆ ಹೇಳಿದ್ದರು, ಮೊಮ್ಮಕ್ಕಳಿಗೆ ಹೇಳಿದ್ದರು, ನನಗೇ ಏನಿಲ್ಲವೆಂದರೂ ಇಪ್ಪತ್ತು ಸಲ ಹೇಳಿದ್ದರು. ಅವರು ಅತಿಥಿಗಳ ಕಡೆ ತಿರುಗಿ, ತಾವೇ ಸೀಟಿ ಊದಿದವರು, ಗೆದ್ದವರು ಯಾರೆಂದು ಹೇಳಿಬಿಡಿ ಎಂದು ಕೇಳಿಕೊಂಡರು.

ವ್ಯಾಪಾರಿಗಳು ರುಮಾಲು ಸರಿಮಾಡಿಕೊಂಡು ಎದ್ದರು.

"ಇಬ್ಬರೂ ದೊಡ್ಡವರದೀರಿ, ಸಿಟ್ಟಾಗಬ್ಯಾಡ್ರಿ," ಎಂದರು. "ಆಟ ಶುರುವಾಗಿ ಹತ್ತು ಮಿನಿಟ್ ಆಗಿರಲಿಲ್ಲ, ಚೆಂಡು ಹೋಗಿ ಬಾವ್ಯಾಗ ಬಿತ್ತು. ಒದ್ದವರು ನೀವು, ನೀವ ಇಳೀರಿ ಅಂತ ಬಾವಿ ಸುತ್ತ ನಿಂತು ಹೊತ್ತು ಮುಳುಗೂತನಾ ಜಗಳಾಡಿದ್ರಿ. ಆಮ್ಯಾಲೆ ಅವರು ಗೆದ್ವಿ ಅಂತ ಅವರ ಊರಿಗೆ ಹೋದ್ರು, ನೀವು ಗೆದ್ವಿ ಅಂತ ನಿಮ್ಮ ಮನಿಗೆ ಹೋದ್ರಿ. ಅವತ್ತು ಆಗಿದ್ದು ಒಂದ ಗೋಲ್ರಿ. ಅದು ಬಾವ್ಯಾಗ."

ಇಬ್ಬರು ಮುದುಕರೂ ಒಬ್ಬರ ಮುಖ ಒಬ್ಬರು ನೋಡಿದರು. ಮರೆತದ್ದು ಇಬ್ಬರಿಗೂ ಒಟ್ಟಿಗೇ ನೆನಪಾದದ್ದು ನಮಗೆ ಕಾಣುತ್ತಿತ್ತು. ರೇಂಜರು, ಚೆಂಡು ಆಮೇಲೆ ಸಿಕ್ಕಿತೇ ಎಂದು ಮಾತ್ರ ಕೇಳಿದರು. ಇನ್ನೂ ಅಲ್ಲೇ ಇರಬೇಕು ಎಂದರು ವ್ಯಾಪಾರಿಗಳು. ಯಲ್ಲಾಪುರದ ನಾಯಕರು ಮೊದಲು ನಕ್ಕರು. ರೇಂಜರೂ ನಕ್ಕರು. ಆಮೇಲೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಉಪ್ಪಿಟ್ಟು ತಿಂದರು.

ಆದರೆ ರೇಂಜರು ಇಲಾಖೆಯಲ್ಲಿ ವರದಿ ಬರೆದು ಬರೆದು ಮುದುಕರಾದವರು. ಬರಹದಲ್ಲಿ ಸುಳ್ಳು ಉಳಿಯಕೂಡದು, ತಿದ್ದುಪಡಿ ಚೀಟಿ ಅಚ್ಚು ಹಾಕಿಸಿ ಪ್ರತಿಯೊಂದು ಪುಸ್ತಕಕ್ಕೂ ಅಂಟಿಸಬೇಕು ಎಂದು ಮಾಸ್ತರರಿಗೆ ಅಪ್ಪಣೆ ಮಾಡಿದರು. ಮಾಸ್ತರರು ಬೇಸತ್ತಿದ್ದರು. ಆದಷ್ಟು ಕಡಿಮೆ ಅಕ್ಷರದಲ್ಲಿ ಮುಗಿಸಿದರು: "ಪುಟ ಮೂರು, ಸಾಲು ಹನ್ನೊಂದು. 'ಜಯಶಾಲಿಯಾಯಿತು' ಎಂದಿರುವಲ್ಲಿ 'ಬಾವಿಗೆ ಬಿತ್ತು' ಎಂದು ಓದಿಕೊಳ್ಳಬೇಕು."

ಚೀಟಿ ಅಂಟಿಸಿದ ಮೊದಲ ಪ್ರತಿಯನ್ನು ನಾನೇ ರೇಂಜರ ಕೈಗೆ ಕೊಟ್ಟೆ. ವಾಚನಾಲಯ ತುಂಬ ಜನ ಇದ್ದರು. ಅವರು ಕನ್ನಡಕ ಏರಿಸಿ, ಮೂರನೆಯ ಪುಟ ತೆಗೆದು, ಚೀಟಿಯಲ್ಲಿ ಹೇಳಿದ ಪ್ರಕಾರ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು:

"ಪ್ರಥಮ ಪಂದ್ಯದಲ್ಲಿಯೇ ನಮ್ಮ ಕ್ಲಬ್ಬು, ಅಧ್ಯಕ್ಷರ ಸಮರ್ಥ ನೇತೃತ್ವದಲ್ಲಿ, ಪ್ರೇಕ್ಷಕರ ಹರ್ಷೋದ್ಗಾರಗಳ ನಡುವೆ, ಬಾವಿಗೆ ಬಿತ್ತು."